ಅಕ್ಟೋಬರ್‌ನಲ್ಲಿ ಅಪ್ಪ-ಅಮ್ಮನ ಜೊತೆ ವೇಲ್ಸ್ ಕರಾವಳಿಗೆ ಕೋಚ್ ಪ್ರವಾಸ: ಯಾವ ವಾರ, ಯಾವ ಊರು?

ನೀವಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಮೈಸೂರಿನಿಂದ ಬರುವ, ಅರವತ್ತು ದಾಟಿದ ಅಪ್ಪ-ಅಮ್ಮನನ್ನು ಐದು ದಿನ ಕೋಚ್‌ನಲ್ಲಿ (ಪ್ರವಾಸಿ ಬಸ್) ಕರೆದುಕೊಂಡು ಹೋಗಬೇಕು. "ಇಡೀ ವೇಲ್ಸ್ ಕರಾವಳಿ ತೋರಿಸುತ್ತೇವೆ" ಎನ್ನುವ ಪ್ಯಾಕೇಜ್ ತೆಗೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ನನ್ನ ಉತ್ತರ, ಬೇಡ. ಒಂದೇ ಹೋಟೆಲ್‌ನಲ್ಲಿ ನಾಲ್ಕು ರಾತ್ರಿ ಇರಿಸುವ ಪ್ಯಾಕೇಜ್ ನೋಡಿ. ಊರು ಉತ್ತರದ ಲಾಂಡಿಡ್ನೊ ಆಗಿರಲಿ, ಅಕ್ಟೋಬರ್ ಎರಡನೇ ವಾರದೊಳಗೆ ಹೋಗಿ ಬನ್ನಿ.

ಇಡೀ ಕರಾವಳಿ ಏಕೆ ಆಗದು ಎಂದರೆ, ಅಲ್ಲಿನ ಕಾಲುದಾರಿಯೇ ಸುಮಾರು 1,400 ಕಿ.ಮೀ. ಉದ್ದ ಇದೆ. ಲಾಂಡಿಡ್ನೊದಿಂದ ದಕ್ಷಿಣದ ಟೆನ್ಬಿಗೆ ಕಾರಿನಲ್ಲೇ ನಾಲ್ಕು ಗಂಟೆ ದಾಟುತ್ತದೆ. ಕೋಚ್ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು, ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ (ವಾರಕ್ಕೆ ಎರಡು ದಿನ ಮಾತ್ರ ಹತ್ತು ಗಂಟೆ). ಇದು ಕಾನೂನು, ವಿನಂತಿಸಿಕೊಂಡರೂ ಸಡಿಲವಾಗುವುದಿಲ್ಲ. ಜೊತೆಗೆ 2023ರ ಸೆಪ್ಟೆಂಬರ್‌ನಿಂದ ವೇಲ್ಸ್‌ನ ಊರೊಳಗಿನ ಹೆಚ್ಚಿನ ರಸ್ತೆಗಳಲ್ಲಿ ವೇಗಮಿತಿ ಗಂಟೆಗೆ 20 ಮೈಲಿ. ಪಶ್ಚಿಮ ಕರಾವಳಿಯ ರಸ್ತೆ ಊರೂರಿನ ನಡುವೆಯೇ ಸಾಗುತ್ತದೆ. ಹಾಗಾಗಿ ದಿನಕ್ಕೊಂದು ಊರು ಬದಲಿಸುವ ಪ್ರವಾಸದಲ್ಲಿ ಹಿರಿಯರು ನೋಡುವುದು ಕಿಟಕಿ, ಹೆದ್ದಾರಿ ಸರ್ವಿಸ್ ಸ್ಟೇಷನ್ ಮತ್ತು ಬೆಳಿಗ್ಗೆ ಕೋಣೆಯ ಹೊರಗಿಡಬೇಕಾದ ಸೂಟ್‌ಕೇಸ್.

ಇನ್ನು ವಾರದ ಮಾತು. ಬಹುಪಾಲು ಜನ ಮಳೆಗೆ ಹೆದರುತ್ತಾರೆ. ಹೆದರಬೇಕಾದದ್ದು ಬೇಗ ಇಳಿಯುವ ಕತ್ತಲಿಗೆ. ಅಕ್ಟೋಬರ್ 10ರ ಸುಮಾರಿಗೆ ಅಲ್ಲಿ ಸೂರ್ಯ ಮುಳುಗುವುದು ಸಂಜೆ ಆರೂವರೆಗೆ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಐದಕ್ಕೂ ಮುಂಚೆಯೇ ಕತ್ತಲು ಇಳಿಯತೊಡಗುತ್ತದೆ. ಲಾಂಡಿಡ್ನೊದ ಗ್ರೇಟ್ ಓರ್ಮ್ ಗುಡ್ಡದ ಟ್ರಾಮ್, ಅಲ್ಲಿನ ಕಂಚಿನ ಯುಗದ ತಾಮ್ರದ ಗಣಿ ಇವೆಲ್ಲ ಅಕ್ಟೋಬರ್ ಕೊನೆಗೆ ಆ ವರ್ಷದ ಬಾಗಿಲು ಹಾಕುತ್ತವೆ. ನವೆಂಬರ್‌ನಲ್ಲಿ ಕೋಟೆಗಳು ಸಂಜೆ ನಾಲ್ಕಕ್ಕೇ ಮುಚ್ಚುತ್ತವೆ. ನವೆಂಬರ್ ಪ್ಯಾಕೇಜ್ ಅಗ್ಗವಾಗಿ ಸಿಗುವುದಕ್ಕೆ ಇದೇ ಕಾರಣ. ಅಕ್ಟೋಬರ್ ಕೊನೆಯ ಭಾಗದಲ್ಲಿ ಶಾಲೆಗಳ ರಜೆಯೂ ಬರುತ್ತದೆ, ಆಗ ದರವೂ ಏರುತ್ತದೆ, ಜನವೂ ಹೆಚ್ಚು.

ಲಾಂಡಿಡ್ನೊ ಹಿರಿಯರಿಗೆ ಹೇಳಿ ಮಾಡಿಸಿದ ಊರು. ಸಮುದ್ರದ ಅಂಚಿನ ರಸ್ತೆ ಸಮತಟ್ಟು, ಉದ್ದಕ್ಕೂ ಕೂರಲು ಬೆಂಚು, ಹೋಟೆಲ್‌ಗಳೆಲ್ಲ ಆ ರಸ್ತೆಗೇ ಮುಖ ಮಾಡಿವೆ. 1877ರಲ್ಲಿ ತೆರೆದ ಪಿಯರ್ (ಸಮುದ್ರದೊಳಕ್ಕೆ ಚಾಚಿದ ನಡಿಗೆಯ ಸೇತುವೆ) ಸುಮಾರು 700 ಮೀಟರ್ ಉದ್ದ, ವೇಲ್ಸ್‌ನಲ್ಲೇ ಅತಿ ಉದ್ದದ್ದು. 207 ಮೀಟರ್ ಎತ್ತರದ ಗ್ರೇಟ್ ಓರ್ಮ್‌ಗೆ 1902ರಿಂದ ಹಗ್ಗದಿಂದ ಎಳೆಯುವ ಟ್ರಾಮ್ ಓಡುತ್ತಿದೆ. ಅರ್ಧ ದಾರಿಯಲ್ಲಿ ಇಳಿದು ಇನ್ನೊಂದಕ್ಕೆ ಹತ್ತಬೇಕು. ಪಕ್ಕದ ಕೇಬಲ್ ಕಾರ್ ನಂಬಿ ದಿನದ ಯೋಜನೆ ಹಾಕಬೇಡಿ, ಗಾಳಿ ಜೋರಾದರೆ ಅದನ್ನು ನಿಲ್ಲಿಸುತ್ತಾರೆ. ಶರತ್ಕಾಲದಲ್ಲಿ ಮಾತ್ರ ಸಿಗುವ ದೃಶ್ಯವೊಂದಿದೆ: ಪೂರ್ವದ ಲಿಟಲ್ ಓರ್ಮ್ ಬುಡದ ಏಂಜೆಲ್ ಬೇ ಎಂಬ ಪುಟ್ಟ ಕೊಲ್ಲಿಯಲ್ಲಿ ಬೂದು ಸೀಲ್‌ಗಳು ಬಿಳಿ ತುಪ್ಪಳದ ಮರಿಗಳೊಂದಿಗೆ ಮಲಗಿರುತ್ತವೆ. ಮೇಲಿನಿಂದಲೇ, ಸದ್ದು ಮಾಡದೆ ನೋಡಿ. ದಯವಿಟ್ಟು ಕೆಳಗಿಳಿಯಬೇಡಿ, ಬೆದರಿದ ತಾಯಿ ಮರಿಯನ್ನು ಬಿಟ್ಟುಹೋಗಬಹುದು. ಮಳೆಯಾಗಿದ್ದರೆ ಆ ಹುಲ್ಲಿನ ದಾರಿ ಜಾರುತ್ತದೆ, ಹಿರಿಯರಿಗೆ ಅಂದು ಬೇಡ.

ಬುಕ್ ಮಾಡುವ ಮುನ್ನ ಕಾರ್ಯಕ್ರಮದ ಹಾಳೆಯನ್ನು ಪದಪದವಾಗಿ ಓದಿ. "ಕಾನ್‌ವಿ ಭೇಟಿ" ಎಂದಿದ್ದರೆ ಸಾಮಾನ್ಯವಾಗಿ ಅರ್ಥ ಇಷ್ಟೇ: ಆ ಕೋಟೆಯ ಊರಿನ ಕೋಚ್ ನಿಲ್ದಾಣದಲ್ಲಿ ಇಳಿಸಿ ಎರಡು ಗಂಟೆ ಬಿಡುತ್ತಾರೆ, ಕೋಟೆಯ ಟಿಕೆಟ್ ನಿಮ್ಮದು. ಪೋರ್ಟ್‌ಮೇರಿಯನ್ (ಇಟಲಿ ಶೈಲಿಯ ಪುಟ್ಟ ಪ್ರವಾಸಿ ಹಳ್ಳಿ), ಫೆಸ್ಟಿನಿಯೋಗ್ ರೈಲು ಇವುಗಳ ಶುಲ್ಕ ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ಹಣ ಕೊಡುವಂತಿದ್ದರೆ ಫೆಸ್ಟಿನಿಯೋಗ್‌ಗೆ ಕೊಡಿ. ಸ್ಲೇಟ್ ಕಲ್ಲು ಸಾಗಿಸಲು 1836ರಲ್ಲಿ ಶುರುವಾದ ಆ ಪುಟ್ಟ ರೈಲು ಪೋರ್ತ್‌ಮಡಾಗ್ ಬಂದರಿನಿಂದ ಓಕ್ ಕಾಡು ಹತ್ತಿ ಬ್ಲೈನೈ ಫೆಸ್ಟಿನಿಯೋಗ್ ಸೇರುತ್ತದೆ, ಸುಮಾರು 22 ಕಿ.ಮೀ. ಅಕ್ಟೋಬರ್‌ನಲ್ಲಿ ಆ ಕಾಡು ಬಣ್ಣಕ್ಕೆ ತಿರುಗಿರುತ್ತದೆ. ಕೋಚ್ ಒಂದು ತುದಿಯಲ್ಲಿ ಇಳಿಸಿ ಇನ್ನೊಂದರಲ್ಲಿ ಹತ್ತಿಸಿಕೊಳ್ಳುವ ಏರ್ಪಾಡಿದ್ದರೆ ಒಳ್ಳೆಯದು.

ಕೋಟೆಗಳ ವಿಷಯದಲ್ಲಿ ಮೊಣಕಾಲು ನೋಡಿ ತೀರ್ಮಾನಿಸಿ. ಒಂದನೇ ಎಡ್ವರ್ಡ್ 1283ರಿಂದ ಕಟ್ಟಿಸಿದ ಕಾನ್‌ವಿ ಕೋಟೆಯ ಗೋಪುರಗಳಿಗೆ ಕಿರಿದಾದ ಸುರುಳಿ ಮೆಟ್ಟಿಲು ಮಾತ್ರ. ಕಾರ್ನಾರ್ವನ್ ಕೋಟೆಯ ಮುಖ್ಯದ್ವಾರಕ್ಕೆ 2023ರಲ್ಲಿ ಲಿಫ್ಟ್ ಬಂದಿದೆ, ಮೇಲಿನ ಅಟ್ಟದಿಂದ ಮೆನಾಯ್ ಜಲಸಂಧಿ ಚೆನ್ನಾಗಿ ಕಾಣುತ್ತದೆ. ಒಂದನ್ನೇ ಆರಿಸುವುದಾದರೆ ನಿಮ್ಮವರಿಗೆ ಕಾರ್ನಾರ್ವನ್.

ಸೀಟು ಬುಕಿಂಗ್ ಸಮಯದಲ್ಲೇ ನಿಗದಿಯಾಗಿ, ಕೊನೆಯವರೆಗೂ ಅದೇ ಇರುವುದು ರೂಢಿ. ಚೆಸ್ಟರ್ ಕಡೆಯಿಂದ ಪಶ್ಚಿಮಕ್ಕೆ ಹೋಗುವಾಗ ಸಮುದ್ರ ಬಲಕ್ಕೆ, ಅಂದರೆ ಚಾಲಕನ ಬದಿಗೆ, ಮರಳುವಾಗ ಎಡಕ್ಕೆ. ತಲೆಸುತ್ತುವವರಿದ್ದರೆ ಮುಂದಿನ ನಾಲ್ಕು ಸಾಲುಗಳೊಳಗೆ ಕೇಳಿ. ಪರ್ವತದ ನಡುವಿನ ರಸ್ತೆಗಳು ಬಹಳ ತಿರುವಿನವು. ಕೋಚ್‌ನ ಶೌಚಾಲಯಕ್ಕೆ ಇಳಿಯುವ ಮೆಟ್ಟಿಲು ಕಡಿದು, ಓಡುವಾಗ ಹಿರಿಯರು ಬಳಸದಿರುವುದೇ ಕ್ಷೇಮ. ನಿಲುಗಡೆಯಲ್ಲೆಲ್ಲ ಹೋಗಿ ಬರಲು ಹೇಳಿ.

ಊಟದ ಬಗ್ಗೆ "ವೆಜಿಟೇರಿಯನ್" ಎಂದಷ್ಟೇ ಬರೆದರೆ ಸಾಲದು. ಮೊಟ್ಟೆ ಬೇಡ, ಮೀನು ಬೇಡ, ಮಾಂಸದ ಸ್ಟಾಕ್ (ಮಾಂಸ, ಮೂಳೆ ಬೇಯಿಸಿದ ನೀರು) ಹಾಕಿದ ಸೂಪ್ ಬೇಡ ಎಂದು ಬಿಡಿಸಿ ಬರೆಯಿರಿ. ವೆಲ್ಶ್ ರೇರ್‌ಬಿಟ್ ನೋಡಲು ಚೀಸ್ ಟೋಸ್ಟ್, ಆದರೆ ಅದಕ್ಕೆ ಹಾಕುವ ವುಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೋವಿ ಮೀನಿರುತ್ತದೆ, ಬಿಯರ್ ಕೂಡ ಸೇರಬಹುದು. ಗ್ಲಾಮೋರ್ಗನ್ ಸಾಸೇಜ್ ಹೆಸರಿಗೆ ಸಾಸೇಜ್, ಒಳಗಿರುವುದು ಚೀಸ್ ಮತ್ತು ಲೀಕ್ (ಈರುಳ್ಳಿ ಜಾತಿಯ ತರಕಾರಿ), ಆದರೆ ಮೊಟ್ಟೆ ಇರುತ್ತದೆ. ವೆಲ್ಶ್ ಕೇಕ್‌ಗೆ ಕೆಲವರು ಹಂದಿ ಕೊಬ್ಬು ಬಳಸುತ್ತಾರೆ, ಕೇಳಿ ತಿನ್ನಿ. ಕೋಣೆಯಲ್ಲಿ ಕೆಟಲ್ ಸಾಮಾನ್ಯವಾಗಿ ಇರುವುದರಿಂದ ಅವಲಕ್ಕಿ, ಚಟ್ನಿಪುಡಿ ಜೊತೆಗಿದ್ದರೆ ನಿಶ್ಚಿಂತೆ. ಭಾರತದಿಂದ ತುಪ್ಪ, ಹಾಲಿನ ಸಿಹಿ ತರುವಂತಿಲ್ಲ ಎಂದು ಮೊದಲೇ ತಿಳಿಸಿ.

ಛತ್ರಿ ಬಿಡಿ, ನೈರುತ್ಯದ ಗಾಳಿಗೆ ಅದು ತಿರುಚಿಕೊಳ್ಳುತ್ತದೆ. ಟೊಪ್ಪಿಗೆಯಿರುವ ಜಲನಿರೋಧಕ ಜಾಕೆಟ್, ಒಳಗೆ ಎರಡು ತೆಳು ಪದರ, ಹಿಡಿತವಿರುವ ಅಟ್ಟೆಯ ಶೂ ಸಾಕು. ಹಗಲಿನ ತಾಪಮಾನ 14 ಡಿಗ್ರಿ ಆಸುಪಾಸು, ಆದರೆ ಪಿಯರ್ ಮೇಲೆ ಗಾಳಿ ಬೀಸಿದಾಗ ಎಂಟು ಡಿಗ್ರಿ ಅನಿಸುತ್ತದೆ.

ನಿಮ್ಮ ಊರಿನಿಂದ ಕರಾವಳಿಗೆ ಇನ್ನೊಂದು ದಾರಿ ವೆಲ್ಶ್‌ಪೂಲ್ ಮೂಲಕ ಅಬೆರಿಸ್ಟ್‌ವಿತ್‌ಗೆ ಹೋಗುತ್ತದೆ. ವೆಲ್ಶ್‌ಪೂಲ್ ಪಕ್ಕದ ಪೊವಿಸ್ ಕೋಟೆಯ ಸಂಗ್ರಹದಲ್ಲಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಂದ ಬಂದ ವಸ್ತುಗಳಿವೆ: ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿತಲೆ, ಹೂಬಳ್ಳಿಯ ಚಿತ್ತಾರದ ಡೇರೆ. ಮೈಸೂರಿನವರಿಗೆ ತೋರಿಸಲೇಬೇಕಾದ ಜಾಗ. ಲಾಂಡಿಡ್ನೊ ಪ್ರವಾಸದ ದಾರಿಯಲ್ಲಿ ಇದು ಬರುವುದಿಲ್ಲ, ಕೋಚ್ ಪ್ರವಾಸ ಮುಗಿದ ಮೇಲೆ ಬೇರೆ ದಿನ ಕಾರಿನಲ್ಲಿ ಹೋಗಿ ಬನ್ನಿ. ಹೊರಡುವ ಮುನ್ನ ಅಂದು ತೆರೆದಿದೆಯೇ, ಯಾವುದು ಪ್ರದರ್ಶನದಲ್ಲಿದೆ ಎಂದು ಫೋನ್ ಮಾಡಿ ಕೇಳಿ.