ಹಳೆ ಸ್ಲ್ಯಾಬಿಗೆ ಹೊಸ ಬಾಲ್ಕನಿ, ಬಾಗಲಕೋಟೆ: ಪ್ರತಿಕ್ರಿಯೆ

ಹಳೆ ಸ್ಲ್ಯಾಬಿನ ಅಂಚಿಗೆ ತೂತು ಕೊರೆದು, ಸರಳು ಕೂಡಿಸಿ ನಾಲ್ಕು ಫೂಟಿನ ಬಾಲ್ಕನಿ ಹೊರಗ ತೆಗೀಬಹುದಾ ಅಂತ ಕೇಳೀರಿ. ಬ್ಯಾಡ್ರಿ ಸರ್. ಹೊರಚಾಚಿನ ಮುಖ್ಯ ಸರಳು ಸ್ಲ್ಯಾಬಿನ ಮೇಲ್ಭಾಗದಾಗ ಇದ್ದು, ಚಾಚಿನ ಒಂದೂವರೆ ಪಟ್ಟಾದರೂ ಒಳಗ ಹೋಗಿರಬೇಕು. ತೂತಿನಾಗ ಕೂಡಿಸಿದ್ದಕ್ಕ ಆ ಹಿಡಿತ ಇರೂದಿಲ್ಲ, ಬುಡದಾಗ ಸೀಳ್ತದ.

ಅದರ ಬದಲಿ ಬಾಲ್ಕನಿ ಮುಂದಿನ ಅಂಚಿನ ಕೆಳಗ ಎರಡು ಕಂಬ ಕೊಡ್ರಿ. ಆದರ ನಿಮ್ಮದು ಎರಿ ಮಣ್ಣು: ಮಳೆಗೆ ಉಬ್ಬಿ, ಬೇಸಿಗ್ಯಾಗ ಬಿರೀತದ, ಮೂರು ಫೂಟಿನ ಪಾಯಾ ಅದರ ಜೋಡಿ ಎದ್ದು ಇಳೀತದ. ಗರಸು (ಗಟ್ಟಿ ಮಣ್ಣು) ಸಿಗೂತನಕ ಅಗೀರಿ, ಸಿಗದಿದ್ರ 3.5 ಮೀಟರಿನ ಅಂಡರ್‌ರೀಮ್ಡ್ ಪೈಲ್ ಹಾಕ್ರಿ, ಅಂದ್ರ ತೂತು ಕೊರೆದು ತಳದ ಹತ್ತಿರ ಅಗಲ ಮಾಡಿ ಕಾಂಕ್ರೀಟ್ ತುಂಬಿದ ಕಂಬ. ಕಟ್ಟಡದ ಭಾರ ಹೇಳೂ ಭಾರತೀಯ ಮಾನಕ ಐಎಸ್ 875ರಂತೆ ಬಾಲ್ಕನಿ ಮ್ಯಾಲಿನ ಮಂದಿ-ಸಾಮಾನಿನ ಭಾರ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದ್ರ ಸುಮಾರು 300 ಕೆಜಿ ಹಿಡೀರಿ. ಕಠಡಾ (ರೇಲಿಂಗ್) ಟೈಲ್ಸ್ ಮೇಲಿಂದ 1.05 ಮೀಟರಿಗಿಂತ ಕಡಿಮಿ ಬ್ಯಾಡ; ಅಡ್ಡ ಪಟ್ಟಿ ಹಾಕಿದ್ರ ಹುಡುಗ್ರು ಹತ್ತತಾರ, ನೆಟ್ಟಗ ನಿಂತ ಸರಳೇ ಹಾಕ್ರಿ. ಕಂಬ ಸೆಟ್‌ಬ್ಯಾಕಿನಾಗ (ಮನಿ ಸುತ್ತ ಖಾಲಿ ಬಿಡಬೇಕಾದ ಜಾಗದಾಗ) ಬರದಂಗ ನಕ್ಷೆ ಮಾಡಿಸಿ, ಪಾಯಾ ತೆಗಿಯೂಕಿಂತ ಮೊದಲ ನಗರಸಭೆ ಒಪ್ಪಿಗಿ ತೊಗೊಳ್ರಿ.