ಫೈನ್ ಲೆಗ್ ಅಂದರೆ ಚೆಂದದ ಕಾಲಲ್ಲ

ನಮಸ್ಕಾರ,

ನೀವು ಕಳಿಸಿದ ‘ಫೈನ್ ಎಂಬ ಪದಕ್ಕೆ 23 ಅರ್ಥಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಸುಮ್ನೆ ‘ಜಾಗವಿಲ್ಲ’ ಅಂತ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ 14ನೇ ಅರ್ಥದ ಕೆಳಗೆ ಎರಡು ಸಾಲು ಬರೆದಿದ್ದೀರಿ, ಅವು ನನ್ನನ್ನು ಬಿಡಲಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲು ತಪ್ಪುಗಳು. ಕ್ರಿಕೆಟ್ಟಿನ ‘ಫೈನ್ ಲೆಗ್’ ಚೆಂದದ ಕಾಲಲ್ಲ, ಫೀಲ್ಡರ್ ನಿಲ್ಲುವ ಒಂದು ಜಾಗ. ಪಿಚ್ಚಿನ ಗೆರೆಯನ್ನು ವಿಕೆಟ್ ಹಿಂದಕ್ಕೆ ಉದ್ದ ಎಳೆಯಿರಿ. ಅದಕ್ಕೆ ಹತ್ತಿರ ನಿಂತ ಫೀಲ್ಡರ್ ‘ಫೈನ್’, ದೂರ ಸರಿದು ಅಡ್ಡಕ್ಕೆ ನಿಂತವನು ‘ಸ್ಕ್ವೇರ್’. ಕೋನ ಸಣ್ಣದು, ಅಷ್ಟೇ.

ದಂಡ ಅನ್ನುವ ಅರ್ಥದ ಫೈನ್ ‘ಬೇರೆಯೇ ಪದ, ಸ್ಪೆಲಿಂಗ್ ಮಾತ್ರ ಒಂದು’ ಎಂದಿದ್ದೀರಿ. ಇದು ದೊಡ್ಡ ತಪ್ಪು. ಎರಡಕ್ಕೂ ತಾಯಿ ಒಬ್ಬಳೇ: ಲ್ಯಾಟಿನ್ನಿನ ‘ಫೀನಿಸ್’, ಅಂದರೆ ಕೊನೆ. ಫೈನಲ್, ಫಿನಿಶ್, ಫೈನಾನ್ಸ್ ಎಲ್ಲ ಅದೇ ಮನೆಯವು. ಹಳೆಯ ಇಂಗ್ಲೆಂಡಿನಲ್ಲಿ ಜಮೀನಿನ ವಿಷಯವನ್ನು ರಾಜನ ಕೋರ್ಟಿನಲ್ಲಿ ರಾಜಿ ಮಾಡಿ ಮುಗಿಸಿಕೊಂಡರೆ ಅದನ್ನು ಫೈನ್ ಎನ್ನುತ್ತಿದ್ದರು. ಒಂದೇ ಚರ್ಮದ ಹಾಳೆಯ ಮೇಲೆ ಮೂರು ಪ್ರತಿ ಬರೆದು ಕತ್ತರಿಸುತ್ತಿದ್ದರು. ಎರಡು ಪ್ರತಿ ಎರಡು ಕಡೆಯವರಿಗೆ, ಅಡಿಯಲ್ಲಿದ್ದದ್ದು ಕೋರ್ಟಿಗೆ. 1195ರಿಂದ ಕೂಡಿಟ್ಟ ಆ ತುಂಡುಗಳಿಗೆ ‘ಫೀಟ್ ಆಫ್ ಫೈನ್ಸ್’ ಅಂತಲೇ ಹೆಸರು. (ಇಲ್ಲಿಯೂ ಕಾಲು ಬಂತು ನೋಡಿ. ಇದೂ ಚೆಂದದ್ದಲ್ಲ.) ವ್ಯವಹಾರ ಮುಗಿಸಲು ಕೊಡುವ ದುಡ್ಡು ಫೈನ್ ಆಯಿತು. ಆಮೇಲೆ ತಪ್ಪು ಮಾಡಿ ಕಟ್ಟುವ ದುಡ್ಡೂ.

ಉಳಿದದ್ದು ಜಾಸ್ತಿ ಡಿಕ್ಷನರಿಯಿಂದ ಇಳಿಸಿದ್ದು. ನಂಬರ್ ಹಾಕಿದ ಕೂಡಲೇ ಓದುವವರು ಎಣಿಸಲು ಶುರುಮಾಡುತ್ತಾರೆ. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ನಾನೇ ಕಾಫಿಗೆ ಎದ್ದೆ.

ಆ ಎರಡು ಸಾಲಿಗೆ ಬರೋಣ. ನೀವು ಚಿನ್ನದಂಗಡಿಯ ಕೌಂಟರಿನಲ್ಲಿದ್ದಾಗ ಒಬ್ಬ ಅಜ್ಜಿ ಬಳೆಯ ಮೇಲಿನ 916 ನೋಡಿ, ‘ಇದು ರೇಟಾ?’ ಎಂದು ಕೇಳಿದರಂತೆ. ಲೇಖನ ಇಲ್ಲಿಂದಲೇ ಶುರುವಾಗಬೇಕಿತ್ತು, ಅಲ್ವಾ? ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಅದೇ 22 ಕ್ಯಾರಟ್. ಆ ಅಂಕಿಗೆ ಇಂಗ್ಲಿಷಿನಲ್ಲಿ ‘ಫೈನ್‌ನೆಸ್’ ಎಂದೇ ಹೆಸರು. ಪುಟಕ್ಕಿಟ್ಟು ಪುಟಕ್ಕಿಟ್ಟು, ಇನ್ನು ತೆಗೆಯಲು ಕಸರೇ ಉಳಿದಿಲ್ಲ ಅನ್ನುವ ಚಿನ್ನ ಫೈನ್. ನಮ್ಮ ಅಪರಂಜಿ. ‘ಕೊನೆ’ ಎಂಬ ಮಾತು ‘ಕೊನೆ ಮುಟ್ಟಿದ್ದು’ ಆಗಿ, ‘ಶುದ್ಧ’ ಆದದ್ದು ಹೀಗೆ. ಅಲ್ಲಿಂದ ನಯ, ನಯದಿಂದ ತೆಳು, ಸಣ್ಣ. ನಿಮ್ಮ 23ರಲ್ಲಿ ಅರ್ಧದಷ್ಟು ಈ ಒಂದೇ ದಾರಿಯಲ್ಲಿ ಸಿಗುತ್ತವೆ.

ಕನ್ನಡ ಮಾಡುವಾಗ ಎಲ್ಲದಕ್ಕೂ ‘ಸೂಕ್ಷ್ಮ’ ಹಾಕಿದ್ದೀರಿ. ಸೂಕ್ಷ್ಮ ಮಳೆ, ಸೂಕ್ಷ್ಮ ರವೆ, ಸೂಕ್ಷ್ಮ ಬಾಚಣಿಗೆ. ಯಾರ ಮನೆಯಲ್ಲಿ ಹೀಗೆ ಮಾತಾಡುತ್ತಾರೆ? ಮಳೆಯಾದರೆ ತುಂತುರು, ರವೆಯಾದರೆ ಚಿರೋಟಿ, ಬಾಚಣಿಗೆಯಾದರೆ ಹೇನಿನದು, ಒಡವೆಯ ಮೇಲಿನ ಕೆಲಸವಾದರೆ ಕುಸುರಿ.

ಹಾಗಂತ ಕನ್ನಡವೇ ಶ್ರೀಮಂತ ಅಂತ ಎದೆ ತಟ್ಟಿಕೊಳ್ಳಬೇಡಿ. ನಿಮ್ಮ ಕೊನೆಯ ಪುಟ ಆ ಕಡೆಗೇ ವಾಲಿದೆ. ಅದರ ಬದಲು 23ನೆಯದನ್ನು ಬೆಳೆಸಿ. ಜಗಳದಲ್ಲಿ ‘ಫೈನ್!’ ಅಂದರೆ ‘ಒಪ್ಪಿಗೆ’ ಎಂದು ಬರೆದು ಮುಗಿಸಿದ್ದೀರಿ. ಎಲ್ಲಿಯ ಒಪ್ಪಿಗೆ? ಅದು ‘ಆಯ್ತು ಬಿಡಿ’. ನಮ್ಮ ‘ಆಯ್ತು’ ತಗೊಳ್ಳಿ. ‘ಊಟ ಆಯ್ತು’ ಅಂದರೆ ಮುಗಿಯಿತು. ‘ಆಯ್ತು, ಬರ್ತೀನಿ’ ಅಂದರೆ ಒಪ್ಪಿದೆ. ಬಾಗಿಲು ಬಡಿಯುತ್ತಾ ‘ಆಯ್ತು!’ ಅಂದರೆ ಇವತ್ತಿಗೆ ಮಾತು ಬಂದ್. ಕೊನೆಯಿಂದ ಹೊರಟು ಒಪ್ಪಿಗೆಗೂ ಮುನಿಸಿಗೂ ಎರಡು ಭಾಷೆಗಳು ತಮ್ಮ ತಮ್ಮ ದಾರಿ ಹಿಡಿದು ಬಂದಿವೆ. ಇದು ನಿಮ್ಮ ಕಣ್ಣಿಗೆ ಬೀಳಬೇಕಿತ್ತು.

ನಂಬರುಗಳನ್ನು ತೆಗೆಯಿರಿ. ಅಜ್ಜಿಯನ್ನು ಮೊದಲ ಸಾಲಿಗೆ ತನ್ನಿ. ನೀವು ಅವರಿಗೆ ಏನು ಉತ್ತರ ಕೊಟ್ಟಿರಿ ಅನ್ನುವುದನ್ನು ನುಂಗಿಬಿಟ್ಟಿದ್ದೀರಿ, ಅದನ್ನೂ ಬರೆಯಿರಿ. 600 ಪದ ಸಾಕು. ಹಾಂ, ಟೈಪ್ ಮಾಡುವಾಗ 11 ಕಡೆ ‘ಪೈನ್’ ಆಗಿದೆ. ಅದು ಮರ.