ಮೊದಲ ಮುಚ್ಚಳ ಕೊಟ್ಟವರು ಯಾರು?

ಈ ಸಲ ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಹತ್ತು ಜನ ಸೇರಿ ಒಂದೇ ಪತ್ರ ಬರೆದ ಹಾಗಿದೆ. ಊರು ಬೇರೆ, ಕೈಬರಹ ಬೇರೆ, ಪ್ರಶ್ನೆ ಮಾತ್ರ ಅದೇ: ಮಗನಿಗೆ ಮನೆಯಲ್ಲೇ ಸ್ವಲ್ಪ ಮದ್ಯ ಕೊಟ್ಟು ಮಿತಿ ಕಲಿಸಬಹುದಾ? ಹೋದ ವರ್ಷವೂ ಅದೇ ಇತ್ತು. ಹಾಗಾಗಿ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಕುಡಿತದಿಂದ ಲಿವರ್ ಹಾಳಾಗುತ್ತಾ ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ. ಅದು ನಿಮಗೂ ಗೊತ್ತು.

*ಮೇಡಂ, ನನ್ನ ಮಗನಿಗೆ 17 ವರ್ಷ. ಹುಬ್ಬಳ್ಳಿಯಲ್ಲಿ ಪಿಯುಸಿ ಎರಡನೇ ವರ್ಷ. ಇವತ್ತಲ್ಲ ನಾಳೆ ಗೆಳೆಯರ ಜೊತೆ ಕುಡಿದೇ ಕುಡಿಯುತ್ತಾನೆ. ಅದರ ಬದಲು ಮನೆಯಲ್ಲೇ, ನಮ್ಮ ಕಣ್ಣೆದುರಿಗೆ, ಸ್ವಲ್ಪ ಕೊಟ್ಟು ಮಿತಿ ಕಲಿಸಿದರೆ ತಪ್ಪೇನು? ನಮ್ಮ ಮನೆಯವರು ಹಾಗೇ ಹೇಳುತ್ತಾರೆ.*
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಹಾಗಾದರೆ ನಿಮ್ಮ ಮನೆಯವರಿಗೇ ಉತ್ತರ ಕೊಡುತ್ತೇನೆ. ಅವರ ಕೈಗೇ ಪತ್ರಿಕೆ ಕೊಡಿ.

ಧಾರವಾಡದ ಮಾನಸಿಕ ಆಸ್ಪತ್ರೆಯ ನನ್ನ ಕೋಣೆಗೆ ಹದಿನಾರು, ಹದಿನೇಳರ ಹುಡುಗರನ್ನು ಅಪ್ಪ ಅಮ್ಮ ಕರೆದುಕೊಂಡು ಬರುತ್ತಾರೆ. ನಾನು ಮೊದಲು ಕೇಳುವುದು ಎಷ್ಟು ಕುಡಿಯುತ್ತೀ ಅಂತ ಅಲ್ಲ. ಮೊಟ್ಟಮೊದಲ ಸಲ ಕೊಟ್ಟವರು ಯಾರು ಅಂತ. ಒಮ್ಮೆ ಹೀಗೆ ಕೇಳಿದಾಗ ಹುಡುಗ ಸುಮ್ಮನೆ ಕೂತ. ಅಪ್ಪ ಮೇಲೆ ಫ್ಯಾನ್ ನೋಡಿದರು. ಆಮೇಲೆ ಹುಡುಗನೇ ಮೆಲ್ಲಗೆ ಹೇಳಿದ: "ಕಾಕಾ. ಅಕ್ಕನ ಮದುವೆ ಹಿಂದಿನ ರಾತ್ರಿ. ಬಾಟ್ಲಿ ಮುಚ್ಚಳದಾಗ." ಆಗ ಅವನಿಗೆ ಹದಿಮೂರು. ಕಾಕಾ ಮುಚ್ಚಳದಲ್ಲಿ ಸುರಿದು ಕೊಟ್ಟ, ಸುತ್ತ ಕೂತವರು ನಕ್ಕರು, ಹುಡುಗ ಮುಖ ಹಿಂಡಿದ, ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಅಪ್ಪನೂ ಅಲ್ಲೇ ಇದ್ದರು. "ಒಂದ ಮುಚ್ಚಳರೀ ಮೇಡಂ" ಅಂದರು ನನಗೆ.

ನಾನು ಬೆಲೆ ಕಟ್ಟುವುದು ಮುಚ್ಚಳದಲ್ಲಿದ್ದ ವಿಸ್ಕಿಗಲ್ಲ, ಆ ನಗುವಿಗೆ. ದೊಡ್ಡವರ ನಡುವೆ ನನಗೂ ಜಾಗ ಸಿಕ್ಕಿತು ಅಂತ ಹುಡುಗನಿಗೆ ಅವತ್ತು ಅನಿಸಿತು. ಅವನು ಕಲಿತದ್ದು ಮಿತಿಯನ್ನಲ್ಲ. ಅವನಿಗೆ ಸಿಕ್ಕಿದ್ದು ಪರವಾನಗಿ. ನಿಮ್ಮ ಮನೆಯವರು "ಕಲಿಸುತ್ತೇನೆ" ಅಂದಾಗ ಆಗುವುದೂ ಇದೇ. ಗೆಳೆಯರ ಜೊತೆ ಕೂತಾಗ ಆ ಹುಡುಗ "ನಮ್ಮಪ್ಪ ಒಂದೇ ಪೆಗ್ಗು ಅಂದಿದ್ದಾರೆ" ಅಂತ ಗ್ಲಾಸು ಕೆಳಗಿಡುತ್ತಾನೆ ಅಂದುಕೊಂಡಿದ್ದೀರಾ? "ನಮ್ಮನೆಯಲ್ಲಿ ನಡೆಯುತ್ತೆ" ಅಂತಾನೆ. ಆಮೇಲೆ ಅವರೊಂದಿಗೂ ಕುಡಿಯುತ್ತಾನೆ, ನಿಮ್ಮೊಂದಿಗೂ ಕುಡಿಯುತ್ತಾನೆ.

ಇದು ನನ್ನ ಗೊಣಗಾಟ ಮಾತ್ರ ಅಲ್ಲ. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಹದಿಹರೆಯದ ಮಕ್ಕಳನ್ನೂ ಅವರ ಪಾಲಕರನ್ನೂ ಆರು ವರ್ಷ ಬೆನ್ನುಹತ್ತಿ ನೋಡಿದರು. 2018ರಲ್ಲಿ ಅದು ಪ್ರಕಟವಾಯಿತು. ಅಪ್ಪ ಅಮ್ಮನೇ ಕೊಟ್ಟರೆ ಮಕ್ಕಳು ಹದ್ದುಬಸ್ತಿನಲ್ಲಿ ಇರುತ್ತಾರೆ ಅನ್ನುವುದಕ್ಕೆ ಅಲ್ಲಿ ಯಾವ ಆಧಾರವೂ ಸಿಗಲಿಲ್ಲ. ಮನೆಯಲ್ಲಿ ಸಿಕ್ಕ ಮಕ್ಕಳು ಹೊರಗೂ ಹುಡುಕಿಕೊಂಡು ಹೋಗುವುದೇ ಜಾಸ್ತಿ ಕಂಡಿತು. ಇನ್ನೊಂದು, ಅಮೆರಿಕದ ಹಳೆಯ ಲೆಕ್ಕ: 15 ತುಂಬುವ ಮೊದಲೇ ಶುರು ಮಾಡಿದವರಲ್ಲಿ ಮುಂದೆ ಚಟಕ್ಕೆ ಬಿದ್ದವರು, 20 ದಾಟಿದ ಮೇಲೆ ಶುರು ಮಾಡಿದವರಿಗಿಂತ ಸುಮಾರು ನಾಲ್ಕು ಪಟ್ಟು. ಮೊದಲೇ ತೊಂದರೆಯಲ್ಲಿದ್ದ ಮಕ್ಕಳು ಬೇಗ ಶುರು ಮಾಡುತ್ತಾರೆ ಅನ್ನುವುದೂ ಅದರಲ್ಲಿ ಸೇರಿದೆ, ಒಪ್ಪುತ್ತೇನೆ. ಆದರೆ "ಸಾಕು, ಇನ್ನು ಬೇಡ" ಅಂತ ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷಕ್ಕೆ. ಬ್ರೇಕ್ ಇನ್ನೂ ಕೂತಿರದ ಗಾಡಿ ಅದು. ಅದಕ್ಕೆ ಆಕ್ಸಿಲರೇಟರ್ ತುಳಿಯುವುದನ್ನು ಕಲಿಸಿಕೊಡುತ್ತೇನೆ ಅಂತೀರಿ.

ಇನ್ನು ಕಾನೂನು. "ಮನೆಯಲ್ಲಿ ಕೊಟ್ಟರೆ ಯಾರು ಕೇಳುತ್ತಾರೆ" ಅನ್ನುವ ಧೈರ್ಯ ಬಹಳ ಜನಕ್ಕೆ ಇದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ತೆಗೆದು ಓದಿ. ವೈದ್ಯರ ಸೂಚನೆ ಇಲ್ಲದೆ 18 ವರ್ಷದೊಳಗಿನ ಮಗುವಿಗೆ ಮದ್ಯ ಕೊಟ್ಟರೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಅಂಗಡಿಯವನು ಕೊಟ್ಟರೆ ಅಂತ ಅದರಲ್ಲಿ ಇಲ್ಲ, ಯಾರು ಕೊಟ್ಟರೂ ಅಂತ ಇದೆ. ಕಾಕಾನೂ ಬಂದ, ಅಪ್ಪನೂ ಬಂದ. ಅದರ ಮುಂದಿನ 78ನೇ ಸೆಕ್ಷನ್ ನಮ್ಮ ಹಳ್ಳಿಗಳಿಗೇ ಬರೆದ ಹಾಗಿದೆ: ಮದ್ಯ ಮಾರಲು, ಸಾಗಿಸಲು, ತಂದುಕೊಡಲು ಮಗುವನ್ನು ಬಳಸಿದರೂ ಅಷ್ಟೇ ಶಿಕ್ಷೆ.

ಸಂಜೆ ಹೊತ್ತು ಅಪ್ಪ ಕಟ್ಟೆ ಮೇಲೆ ಕೂತು ಮಗನ ಕೈಗೆ ನೋಟು ಕೊಡುತ್ತಾನೆ. "ಹೋಗಿ ಒಂದ ಪಾಕೀಟ ತೊಗೊಂಬಾ." ಹುಡುಗ ಆರನೇ ಕ್ಲಾಸು. ಬೀಡಿ, ಬಿಸ್ಕೀಟು ಮಾರುವ ಡಬ್ಬಿ ಅಂಗಡಿ. ಅಂಗಡಿಯವನಿಗೆ ಹುಡುಗ ಯಾರ ಮಗ ಅಂತ ಗೊತ್ತು, ಯಾವ ಬ್ರ್ಯಾಂಡು ಅಂತಲೂ ಗೊತ್ತು, ಕೇಳುವುದೂ ಇಲ್ಲ. ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ಉಳಿದ ಚಿಲ್ಲರೆಯಲ್ಲಿ ಹುಡುಗನಿಗೆ ಚಾಕಲೇಟು. ಇದೇ ಹುಡುಗ ಮೂರು ವರ್ಷ ಬಿಟ್ಟು ತನಗೇ ಕೇಳಿದರೂ ಅಂಗಡಿಯವನು ಅಪ್ಪನಿಗೆ ಅಂತಲೇ ತಿಳಿಯುತ್ತಾನೆ. ದಾರಿ ಮಾಡಿಕೊಟ್ಟವರು ಯಾರು? ಗೆಳೆಯರಂತೆ! ಪಾಲಕರು ನನ್ನ ಮುಂದೆ ಗೆಳೆಯರನ್ನು ಬಯ್ಯುವಷ್ಟು ಬೇರೆ ಯಾರನ್ನೂ ಬಯ್ಯುವುದಿಲ್ಲ.

ಹಾಗಾದರೆ ಏನು ಮಾಡಬೇಕು ಅಂತೀರಿ. ನಿಮ್ಮ ಮನೆಯವರು ಮಗನನ್ನು ಅಂಗಡಿಗೆ ಕಳಿಸುತ್ತಿದ್ದರೆ ಇವತ್ತಿನಿಂದ ನಿಲ್ಲಬೇಕು. ಬಾಟಲಿಗೆ ಪೆನ್ನಿನಲ್ಲಿ ಗೆರೆ ಹಾಕಿ ಅಳತೆ ನೋಡುವ ಪತ್ತೇದಾರಿ ಬೇಡ, ಅದರಿಂದ ಹುಡುಗ ನೀರು ಬೆರೆಸುವುದು ಕಲಿಯುತ್ತಾನೆ ಅಷ್ಟೇ. ಬಾಟಲಿ ಮನೆಯಲ್ಲೇ ಇರಬಾರದು. ಮದುವೆ, ಜಾತ್ರೆ, ಓಕುಳಿ ಬಂದಾಗ ಕಾಕಾ, ಮಾಮಾ, ಭಾವ ಎಲ್ಲರಿಗೂ ಮೊದಲೇ ಹೇಳಿ: ನಮ್ಮ ಹುಡುಗನಿಗೆ ಯಾರೂ ಕೊಡಕೂಡದು. ಇದನ್ನು ಹೆಂಡತಿ ಹೇಳಿದರೆ ನಗುತ್ತಾರೆ. ಗಂಡ ಹೇಳಬೇಕು.

ಮಗನ ಜೊತೆ ಗಂಟೆಗಟ್ಟಲೆ ಪ್ರವಚನ ಬೇಡ. "21 ಆಗುವವರೆಗೆ ಈ ಮನೆಯಲ್ಲಿ ಇಲ್ಲ, ಹೊರಗೂ ಇಲ್ಲ" – ಅಷ್ಟೇ ಮಾತು. ಜೊತೆಗೆ ಇನ್ನೊಂದು ಮಾತು ಕೊಡಿ, ಅದಕ್ಕೆ ತಪ್ಪಬೇಡಿ: "ಎಷ್ಟೊತ್ತಿಗಾದರೂ ಫೋನ್ ಮಾಡು, ನಾನೇ ಬಂದು ಕರೆದುಕೊಂಡು ಬರುತ್ತೇನೆ, ಅವತ್ತು ರಾತ್ರಿ ಒಂದು ಮಾತೂ ಕೇಳಲ್ಲ." ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ರಾತ್ರಿ ಕುಡಿದವನ ಬೈಕಿನ ಹಿಂದೆ ಕೂತು ಬರುವ ಹುಡುಗರಲ್ಲಿ ಅರ್ಧ ಜನ ಮನೆಗೆ ಫೋನ್ ಮಾಡಲು ಹೆದರಿಯೇ ಕೂತಿರುತ್ತಾರೆ, ಇದು ನನ್ನ ಅಂದಾಜು. ಬಯ್ಯುವುದನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ.

*ಕಾನೂನಿನಲ್ಲಿ 18ಓ 21ಓ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂಗಡಿಯಲ್ಲಿ ಯಾರೂ ವಯಸ್ಸು ಕೇಳಲ್ಲ, ಹೀಗಿದ್ದ ಮೇಲೆ ಕಾನೂನು ಇದ್ದೇನು ಪ್ರಯೋಜನ?*
– ನಿವೃತ್ತ ಶಿಕ್ಷಕರು, ಗದಗ

ಒಬ್ಬೊಬ್ಬರು ಒಂದೊಂದು ಹೇಳುವುದರಲ್ಲಿ ಅವರ ತಪ್ಪಿಲ್ಲ ಗುರುಗಳೇ. ಕರ್ನಾಟಕ ಅಬಕಾರಿ ಕಾಯ್ದೆ 1965ರದು. ಅದರ 36ನೇ ಸೆಕ್ಷನ್ನಿನಲ್ಲಿ 18 ಅಂತ ಇದೆ. ಲೈಸೆನ್ಸಿನ ಷರತ್ತುಗಳನ್ನು ಹೇಳುವ 1967ರ ನಿಯಮಗಳಲ್ಲಿ 21 ಅಂತ ಇದೆ. ಈ ಗೊಂದಲ ತೆಗೆಯುತ್ತೇವೆ ಅಂತ 2023ರ ಜನವರಿಯಲ್ಲಿ 21ನ್ನು 18ಕ್ಕೆ ಇಳಿಸುವ ಕರಡು ಸರ್ಕಾರದಿಂದ ಹೊರಟಿತು. ಎಲ್ಲ ಕಡೆ ವಿರೋಧ ಬಂತು, ವಾಪಸ್ ತೆಗೆದುಕೊಂಡರು. ಗೊಂದಲ ತೆಗೆಯಲು 18ನ್ನು 21ಕ್ಕೆ ಏರಿಸಬಹುದಿತ್ತು ಅಂತ ಅವರಿಗೆ ಯಾಕೆ ಹೊಳೆಯಲಿಲ್ಲವೋ. ಅಂತೂ ಅಂಗಡಿಯವನು ಪಾಲಿಸಬೇಕಾದದ್ದು 21.

ಕೇಳಲ್ಲ ಅನ್ನುವುದು ನಿಜ. ಆದರೆ ಕಾನೂನೇ ವ್ಯರ್ಥ ಅನ್ನುವುದನ್ನು ನಾನು ಒಪ್ಪಲ್ಲ. ಅಮೆರಿಕದಲ್ಲಿ ಎಪ್ಪತ್ತರ ದಶಕದಲ್ಲಿ ಬಹಳ ರಾಜ್ಯಗಳು ವಯಸ್ಸು ಇಳಿಸಿದವು, ಹುಡುಗರ ಅಪಘಾತ ಏರಿತು. 1984ರಲ್ಲಿ ಕೇಂದ್ರ, 21 ಮಾಡದಿದ್ದರೆ ಹೆದ್ದಾರಿಯ ದುಡ್ಡಿನಲ್ಲಿ ಕಡಿತ ಅಂದಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ ಬಂದವು, ರಸ್ತೆಯಲ್ಲಿ ಸಾಯುವ ಹುಡುಗರು ಕಡಿಮೆಯಾದರು. ಅಲ್ಲಿನ ಹುಡುಗರು ಕಳ್ಳತನದಲ್ಲಿ ಕುಡಿಯುವುದನ್ನೇನೂ ಬಿಡಲಿಲ್ಲ. ಸಿಗುವುದು ಕಷ್ಟವಾದರೆ ಕುಡಿಯುವುದು ತಡವಾಗುತ್ತೆ, ಕಡಿಮೆಯೂ ಆಗುತ್ತೆ. ನನಗೆ ಅಷ್ಟು ಸಾಕು. ಆಧಾರ್ ಕಾರ್ಡು ಕೇಳುವ ಒಂದು ಕೌಂಟರು ನನ್ನ ಹತ್ತು ಭಾಷಣಕ್ಕಿಂತ ಮೇಲು.

ಲೈಸೆನ್ಸ್ ಇರುವ ಅಂಗಡಿಗೆ ಈ ಮಾತು. ಡಬ್ಬಿ ಅಂಗಡಿಗೆ, ಧಾಬಾಕ್ಕೆ ಲೈಸೆನ್ಸೇ ಇಲ್ಲ, ಅಲ್ಲಿ 18, 21 ಅಂತ ಚರ್ಚೆ ಮಾಡುವುದೇ ತಮಾಷೆ. 2007ರ ಜುಲೈನಲ್ಲಿ ಸಾರಾಯಿ ನಿಂತಿತು. ಸಾರಾಯಿ ಪಾಕೀಟು ಹೋದ ಜಾಗಕ್ಕೆ 90 ಎಂಎಲ್ ವಿಸ್ಕಿ ಪಾಕೀಟು ಬಂದು ಕೂತಿದೆ. ಶಾಲೆಯ ಹುಡುಗನ ಚೊಣ್ಣದ ಕಿಸೆಯಲ್ಲಿ ಹಿಡಿಯುವ ಅಳತೆ ಅದು. ನೀವು ಶಿಕ್ಷಕರು, ನಿಮ್ಮ ಮಾತಿಗೆ ಊರಲ್ಲಿ ಬೆಲೆ ಇದೆ. ಹೆಂಗಸರ ಸಂಘದವರನ್ನು ಜೊತೆಗೆ ಕರೆದುಕೊಂಡು ಅಬಕಾರಿ ಇಲಾಖೆಗೆ ಬರೆದುಕೊಡಿ. ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬನ್ನಿ.

*18ಕ್ಕೆ ಓಟು ಹಾಕಬಹುದು, ಬಿಯರ್ ಕುಡಿಯಬಾರದಾ?*
– ವಿದ್ಯಾರ್ಥಿ, ಧಾರವಾಡ

ಗಂಡು ಮದುವೆಯಾಗುವುದಕ್ಕೂ 21 ಬೇಕು. ಅದರ ಬಗ್ಗೆ ನೀವು ಯಾರೂ ಪತ್ರ ಬರೆದದ್ದು ನೋಡಿಲ್ಲ.

*ಬಿಯರ್ ಅಂದರೆ ಬಾರ್ಲಿ ನೀರು ಅಲ್ವಾ? ಬೇಸಿಗೆಯಲ್ಲಿ ಮೈಗೆ ತಂಪು ಅಂತಾರೆ.*

650 ಎಂಎಲ್‌ನ ಒಂದು ಸ್ಟ್ರಾಂಗ್ ಬಿಯರಿನಲ್ಲಿ ಶೇ 8ರ ಲೆಕ್ಕಕ್ಕೆ 52 ಎಂಎಲ್ ಆಲ್ಕೋಹಾಲ್. ಎರಡು ಲಾರ್ಜ್ ವಿಸ್ಕಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ತಂಪು ಬೇಕಾದರೆ ಮಜ್ಜಿಗೆ ಕುಡಿಯಿರಿ.

*ಹಾಸ್ಟೆಲಿನಲ್ಲಿ ಗೆಳೆಯ ಜಾಸ್ತಿ ಕುಡಿದು ಬಿದ್ದಿದ್ದ. ನಿಂಬೆರಸ ಕುಡಿಸಿ, ತಲೆಗೆ ನೀರು ಹಾಕಿ ಮಲಗಿಸಿದೆವು. ಬೆಳಿಗ್ಗೆ ಎದ್ದ. ಸರಿ ಮಾಡಿದೆವಾ?*

ತಪ್ಪು ಮಾಡಿದಿರಿ, ಪುಣ್ಯಕ್ಕೆ ಎದ್ದ. ಪ್ರಜ್ಞೆ ಇಲ್ಲದವನ ಬಾಯಿಗೆ ನಿಂಬೆರಸ, ಕಾಫಿ, ಮಜ್ಜಿಗೆ ಯಾವುದನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತೆ. ನಿಂಬೆರಸಕ್ಕೆ ಮದ್ಯ ಇಳಿಯಲ್ಲ. ಲಿವರ್ ತನ್ನ ನಿಧಾನಕ್ಕೇ ಅದನ್ನು ಕರಗಿಸುತ್ತೆ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಅಂಗಾತ ಮಲಗಿಸಬೇಡಿ, ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಕರೆದರೂ ಚಿವುಟಿದರೂ ಏಳದಿದ್ದರೆ, ಉಸಿರು ತಡೆದು ತಡೆದು ಬರುತ್ತಿದ್ದರೆ, ಮೈ ತಣ್ಣಗಾಗಿದ್ದರೆ ಕೂಡಲೇ 108. ವಾರ್ಡನ್‌ಗೆ ಗೊತ್ತಾಗುತ್ತೆ ಅಂತ ಕಾಯಬೇಡಿ. ಗೊತ್ತಾಗಲಿ.

*ಕುಡಿತ ಬಿಡಿಸಲು, ಮಗನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಪುಡಿ ಇದೆಯಂತೆ. ಒಳ್ಳೆಯ ವೈದ್ಯರ ವಿಳಾಸ ಕೊಡಿ.*

ಕೊಡಲ್ಲ. ಈ ಪತ್ರ ಪ್ರತಿ ತಿಂಗಳು ಬರುತ್ತೆ, ಪ್ರತಿ ತಿಂಗಳೂ ನನ್ನ ರಕ್ತ ಕುದಿಯುತ್ತೆ. ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ನಂಬರು ಬರೆದವನು ವೈದ್ಯನಲ್ಲ. ಇಂಥ ಕೆಲವು ಪುಡಿಗಳಲ್ಲಿ ಡೈಸಲ್ಫಿರಾಂ ಇರುತ್ತೆ. ಅದು ನಾವೂ ಬರೆಯುವ ಔಷಧವೇ, ಆದರೆ ರೋಗಿಗೆ ಹೇಳಿ, ಒಪ್ಪಿಸಿ, ಪರೀಕ್ಷೆ ಮಾಡಿ ಬರೆಯುತ್ತೇವೆ. ಅದು ಮೈಯಲ್ಲಿರುವಾಗ ಗೊತ್ತಿಲ್ಲದೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿಪಿ ಬಿದ್ದು ಮನುಷ್ಯ ನೆಲ ಕಾಣುತ್ತಾನೆ. ಹೀಗೆ ಬಂದ ಒಬ್ಬನನ್ನು ಉಳಿಸಿಕೊಳ್ಳಲು ನಾವು ಒಂದು ರಾತ್ರಿ ಪೂರ್ತಿ ಒದ್ದಾಡಿದ್ದೇವೆ. ಸಾರಿನಲ್ಲಿ ಪುಡಿ ಬೆರೆಸಿದ್ದ ತಾಯಿ ಬೆಳಗಾಗುವವರೆಗೆ ಬಾಯಿ ಬಿಡಲಿಲ್ಲ.

*ಮೂತ್ರ ಪರೀಕ್ಷೆ ಕಿಟ್ ತಂದು ಮನೆಯಲ್ಲೇ ಮಗನನ್ನು ಪರೀಕ್ಷಿಸಬಹುದಾ?*

ಬೇಡ. ಅವನ ಜೊತೆ ಊಟಕ್ಕೆ ಕೂತರೆ ಅದಕ್ಕಿಂತ ಜಾಸ್ತಿ ಗೊತ್ತಾಗುತ್ತೆ.

*ಮಗಳಿಗೆ 19. ಕುಡಿಯುತ್ತಾಳೆ ಅಂತ ಗೊತ್ತಾಯಿತು. ತೋರಿಸಬೇಕು, ಆದರೆ ಧಾರವಾಡಕ್ಕೆ ಹೋದರೆ ಊರಲ್ಲಿ ಏನಂತಾರೋ ಅಂತ ಹೆದರಿಕೆ.*
– ಒಬ್ಬ ತಂದೆ, ಹಾವೇರಿ

"ಇವನನ್ನ ಧಾರವಾಡಕ್ಕೆ ಕಳಿಸಬೇಕು" ಅಂತ ನಮ್ಮ ಕಡೆ ಬೈಗುಳವೇ ಇದೆ, ನನಗೂ ಗೊತ್ತು. ನಮ್ಮ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನ ಗೇಟಿನ ಹತ್ತಿರ ಬಂದು ಮುಖಕ್ಕೆ ಸೆರಗು ಮುಚ್ಚಿಕೊಳ್ಳುವವರನ್ನು ದಿನಾ ನೋಡುತ್ತೇನೆ. ಒಳಗೆ ಬಂದವರ ಹೆಸರು ಹೊರಗೆ ಹೋಗದಂತೆ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಮ್ಮ ಕೈ ಕಟ್ಟಿದೆ. ಅದರಿಂದಲೂ ಧೈರ್ಯ ಬರದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಒಂದೇ ಮಾತು: ಫೋನನ್ನು ಮಗಳ ಕೈಗೆ ಕೊಟ್ಟು ನೀವು ಕೋಣೆಯಿಂದ ಎದ್ದು ಹೋಗಿ. ಬಾಗಿಲ ಹಿಂದೆ ನಿಲ್ಲಬೇಡಿ.